ಅಪಸ್ಮಾರವೂ ಸ್ಮೃತಿಯೂ

ಮೂರ್ಛೆರೋಗಕ್ಕೆ ನಮ್ಮ ಪ್ರಾಚೀನ ವೈದ್ಯರು ಇಟ್ಟ ಹೆಸರು ಅಪಸ್ಮಾರವೆಂದು. ‘ಸ್ಮಾರ’ವೆಂದರೆ ಸ್ಮರಣೆ, ಅದು ತೊಲಗುವುದೇ ಅಪಸ್ಮಾರವು. ಕೈಕಾಲುಗಳ ಸೆಳೆತ, ಬಾಯಿಯ ನೊರೆ ಮುಂತಾದ ಲಕ್ಷಣಗಳನ್ನು ಚರಕಸಂಹಿತೆಯು ಬಲ್ಲದು. ಆದರೂ ಕಣ್ಣಿಗೆ ಕಾಣದ ಸ್ಮೃತಿನಾಶದಿಂದಲೇ ರೋಗಕ್ಕೆ ಹೆಸರಾಯಿತು. ಅಲ್ಲಿ ವಿವಕ್ಷಿತವಾದುದು ಮುಖ್ಯವಾಗಿ ರೋಗವು ಕೆರಳಿದಾಗಿನ ಪ್ರಜ್ಞಾಲೋಪವು. ಸೆಳೆತವಿಲ್ಲದ ದಿನಗಳಲ್ಲಿಯೂ ರೋಗಿಯ ನೆನಪಿಗೆ ಊನವೇಕೆ ಉಂಟಾಗುವುದೆಂಬುದು ತಿಳಿದುಬಂದುದು 20ನೆಯ ಶತಮಾನದಲ್ಲಿ. ಅದೂ ಒಬ್ಬ ರೋಗಿಯು ತೆತ್ತ ದೊಡ್ಡ ಬೆಲೆಯಿಂದ.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ 1926ರಲ್ಲಿ ಜನಿಸಿದ ಹೆನ್ರಿ ಮೊಲೈಸನ್ ಎಂಬಾತನಿಗೆ ಬಾಲ್ಯದಲ್ಲಿಯೇ ಮೂರ್ಛೆಯು ತೊಡಗಿ, ತಾರುಣ್ಯದಲ್ಲಿ ಪ್ರಬಲವಾಯಿತು. ಔಷಧಗಳು ಫಲಿಸಲಿಲ್ಲ. 1953ರಲ್ಲಿ, ಆತನ 27ನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯರಾದ ವಿಲಿಯಂ ಸ್ಕೋವಿಲ್ಲರು ಆತನ ಮಿದುಳಿನ ಎರಡು ಪಾರ್ಶ್ವಗಳಿಂದಲೂ ‘ಹಿಪೊಕ್ಯಾಂಪಸ್’ ಎಂಬ, ಕಡಲ್ಗುದುರೆಯ ಆಕಾರದ ಅವಯವದ ಭಾಗವನ್ನೂ ಅದರ ನೆರೆಯ ಭಾಗಗಳನ್ನೂ ತೆಗೆದುಹಾಕಿದರು. ಮೂರ್ಛೆಗಳು ಬಹಳ ಮಟ್ಟಿಗೆ ತಗ್ಗಿದುವು, ಬುದ್ಧಿಯು ಕುಂದಲಿಲ್ಲ. ಆದರೆ ಅಂದಿನಿಂದ ಆತನಲ್ಲಿ ಹೊಸ ನೆನಪು ನೆಲೆಗೊಳ್ಳದಾಯಿತು. ಬಾಲ್ಯದ ಸಂಗತಿಗಳು ನೆನಪಿನಲ್ಲಿದ್ದುವು. ಈಗತಾನೆ ಮಾತನಾಡಿ ಹೋದವರು ಮರಳಿ ಬಂದರೆ ಅಪರಿಚಿತರಾಗುತ್ತಿದ್ದರು.

ಮಾಂಟ್ರಿಯಲ್ ನಗರದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರರು ಸ್ಕೋವಿಲ್ಲರೊಡನೆ 1957ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು. ಅವರ ಒಂದು ಪರೀಕ್ಷೆಯು ಬಹು ಸ್ವಾರಸ್ಯವಾದುದು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರವೊಂದರ ಅಂಚಿನ ಮೇಲೆ ಗೆರೆಯೆಳೆಯಬೇಕು. ಮೊಲೈಸನ್ನನ ಕೈ ಮೂರು ದಿನಗಳಲ್ಲಿ ಪಳಗಿತು. ಆದರೆ ಅಂಥ ಕೆಲಸವನ್ನು ಹಿಂದೆ ಮಾಡಿದ್ದೆನೆಂಬುದು ಆತನಿಗೆ ತಿಳಿಯದು. ಸ್ಮೃತಿಯು ಸಂಸ್ಕಾರದಿಂದ ಜನಿಸುವ ಜ್ಞಾನವೆಂದು ನಮ್ಮ ನೈಯಾಯಿಕರ ಮತ. ಇಲ್ಲಿ ಕೈಗೆ ಸಂಸ್ಕಾರವಾಯಿತು, ಮನಸ್ಸಿಗೆ ಆಗಲಿಲ್ಲ. ಸ್ಮೃತಿಯು ಒಂದೇ ಅಲ್ಲ, ಅನೇಕವಿಧವೆಂಬುದು ಹೀಗೆ ಸಿದ್ಧವಾಯಿತು.

ಎರಡು ಪಾರ್ಶ್ವಗಳ ಛೇದನವನ್ನು ವೈದ್ಯರು ಆಮೇಲೆ ತ್ಯಜಿಸಿದರು. ಈಗ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಸ್ಮರಣಶಕ್ತಿಯನ್ನು ಪರೀಕ್ಷಿಸಿ, ಒಂದೇ ಪಾರ್ಶ್ವಕ್ಕೆ ಕೈಹಚ್ಚುವರು. ಸುಮಾರು ಐವತ್ತು ವರ್ಷಕಾಲ ಪರೀಕ್ಷೆಗಳಿಗೆ ಒಡ್ಡಿಕೊಂಡ ಮೊಲೈಸನ್ನನು 2008ರಲ್ಲಿ ತೀರಿಕೊಂಡನು. ಅಲ್ಲಿಯವರೆಗೆ ಲೋಕವು ಆತನನ್ನು ‘ಎಚ್. ಎಂ.’ ಎಂಬ ಎರಡಕ್ಷರಗಳಿಂದ ಮಾತ್ರ ಬಲ್ಲುದಾಗಿತ್ತು.

ಶಸ್ತ್ರವು ಸೋಂಕದ ರೋಗಿಗಳಲ್ಲಿಯೂ ಅನೇಕರಿಗೆ ಮೂರ್ಛೆಯ ಮೂಲವು ಇದೇ ಅವಯವದಲ್ಲಿರುವುದು. ಅಂಥವರಲ್ಲಿ ಕೆಲವರು ಕಲಿತುದನ್ನು ಅರ್ಧಗಂಟೆಯ ಬಳಿಕ ತಪ್ಪಿಲ್ಲದೆ ಒಪ್ಪಿಸುವರು; ಕೆಲವು ವಾರಗಳು ಕಳೆಯುವಷ್ಟರಲ್ಲಿ ಅದು ಇತರರಿಗಿಂತ ಬೇಗನೆ ಅಳಿಸಿಹೋಗಿರುವುದು. ಕೆಲವು ಔಷಧಗಳೂ ಮನಸ್ಸನ್ನು ಮಂದಗೊಳಿಸುವುದುಂಟು. ಆದುದರಿಂದ ಇಂತಹ ಬಾಲಕನು ಕಳೆದ ತಿಂಗಳ ಪಾಠವನ್ನು ಮರೆತು ನಿಂತಾಗ ಅದನ್ನು ಆಲಸ್ಯವೆಂದು ದಂಡಿಸುವುದು ನ್ಯಾಯವಲ್ಲ. ಅವನಿಗೆ ಬೇಕಾದುದು ಮತ್ತೆ ಮತ್ತೆ ಆವೃತ್ತಿ, ಬರೆದಿಟ್ಟುಕೊಳ್ಳುವ ಅಭ್ಯಾಸ, ಹಿರಿಯರ ತಾಳ್ಮೆ. ಮರೆವು ರೋಗದ ಅಂಗವೆಂಬುದನ್ನು ಅದರ ಹೆಸರೇ ಸಾರುತ್ತಲಿದೆ.