ಎರಡು ರಿಂಗಿನ ಇತಿಹಾಸ

ಮುಂದೆ ಮೊಬೈಲ್ ಏನೇನಾಗುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಮಿಸ್ಡ್ ಕಾಲ್.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಫೋನ್ ಮಾಡಿದರು. ಅದು ಭಾರತದ ಮೊದಲ ಮೊಬೈಲ್ ಕರೆ. ಆಗ ಕರೆ ಮಾಡಿದವರಿಗೂ ಬಿಲ್ಲು, ಎತ್ತಿಕೊಂಡವರಿಗೂ ಬಿಲ್ಲು! 2003ರಲ್ಲಿ ಒಳಬರುವ ಕರೆ ಉಚಿತವಾಯ್ತು. ಆದರೆ ಮಾಡೋಕೆ ಕರೆನ್ಸಿ ಬೇಕಲ್ಲ? ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ ಒಂದು ಪೈಸೆಯೂ ಖರ್ಚಿಲ್ಲ. ‘ಬಸ್ ಇಳಿದೆ’, ‘ಕೆಳಗೆ ಬಾ’, ‘ನೀನೇ ಮಾಡು’ ಎಲ್ಲವೂ ಅದರಲ್ಲೇ. ಕರೆ ತಪ್ಪಿದ್ದು ಗೊತ್ತಾಗಲಿ ಅಂತ ಎಂಜಿನಿಯರುಗಳು ಇಟ್ಟಿದ್ದ ಸೂಚನೆಯನ್ನು ನಮ್ಮ ಜನ ಪುಕ್ಕಟೆ ಟೆಲಿಗ್ರಾಂ ಮಾಡಿಕೊಂಡರು.

ತಂತ್ರಜ್ಞಾನ ಆಮೇಲೆ ಅವರ ಹಿಂದೆ ಬಂತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗಾಗಿ ‘ಯುಪಿಐ 123ಪೇ’ ಶುರುಮಾಡಿತು. ಅದರಲ್ಲಿದ್ದ ಒಂದು ದಾರಿ ಇದೇ: ಅಂಗಡಿಯ ನಂಬರಿಗೆ ಮಿಸ್ಡ್ ಕಾಲ್ ಕೊಡಿ, ತಿರುಗಿ ಕರೆ ಬಂದಾಗ ಪಿನ್ ಒತ್ತಿ, ದುಡ್ಡು ಸಂದಾಯ.

ಈಗ ಎಲ್ಲರ ಬಾಯಲ್ಲೂ ಎಐ ಫೋನು, ಮಡಚುವ ಫೋನು. ಬರಲಿ, ಬೇಡ ಅನ್ನೋರು ಯಾರು? ಆದರೆ ಅಂದು ಫೋನಿನ ದಾರಿ ತಿರುಗಿಸಿದ್ದು ಕರೆನ್ಸಿ ಇಲ್ಲದವರು. ನಾಳೆ ಅದನ್ನು ಓದಲು ಬಾರದವರು, ಇಂಗ್ಲಿಷ್ ಗೊತ್ತಿಲ್ಲದವರು ತಿರುಗಿಸಬಹುದು. ಆ್ಯಪ್ ಕಟ್ಟುವ ಗೆಳೆಯರೇ, ಅವರನ್ನು ಹೊರಗಿಟ್ಟು ನಾಳೆಯ ಫೋನ್ ಮಾಡಬೇಡಿ.