ಬಿಸಿಲಿಗೆ ಕೀ ಕೊಡುವ ವಾಚ್ ಸ್ಲೋ ಆಗುತ್ತಾ?
ಕೀ ಕೊಡುವ ವಾಚಿನೊಳಗೆ ಬ್ಯಾಲೆನ್ಸ್ ಚಕ್ರ, ಅದಕ್ಕೆ ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಇರುತ್ತದೆ. ಈ ಚಕ್ರ ಅತ್ತಿತ್ತ ತಿರುಗುವ ಲೆಕ್ಕದ ಮೇಲೆಯೇ ಮುಳ್ಳು ಓಡೋದು. ಹಳೇ ಕಾಲದ ಸ್ಪ್ರಿಂಗ್ ಮಾಮೂಲಿ ಉಕ್ಕಿನದ್ದು. ಬಿಸಿ ಏರಿದರೆ ಅದರ ಬಿಗಿ ಕಮ್ಮಿಯಾಗಿ, ಒಂದೊಂದು ಡಿಗ್ರಿಗೂ ವಾಚ್ ದಿನಕ್ಕೆ ಸುಮಾರು 10 ಸೆಕೆಂಡ್ ಹಿಂದೆ ಬೀಳುತ್ತಿತ್ತು.

ಮೊದಲು ಹಿತ್ತಾಳೆ, ಉಕ್ಕು ಬೆಸೆದ ಚಕ್ರ ಬಂತು. ಬಿಸಿಗೆ ಅದರ ಅಂಚು ಒಳಕ್ಕೆ ಬಾಗಿ, ಚಕ್ರ ಚುರುಕಾಗಿ, ಲೆಕ್ಕ ಸರಿಹೋಗುತ್ತಿತ್ತು. ಆಮೇಲೆ ಸ್ವಿಟ್ಜರ್ಲೆಂಡ್‌ನ ವಿಜ್ಞಾನಿ ಷಾರ್ಲ್ ಎದುವಾರ್ ಗಿಯೋಮ್ ಕಬ್ಬಿಣ, ನಿಕಲ್, ಕ್ರೋಮಿಯಂ ಬೆರೆಸಿ, ಬಿಸಿಯಾದರೂ ಬಿಗಿ ಬಿಡದ ಎಲಿನ್ವಾರ್ ಲೋಹ ಮಾಡಿದರು. ನಿಕಲ್ ಉಕ್ಕಿನ ಸಂಶೋಧನೆಗೆ ಅವರಿಗೆ 1920ರ ಭೌತಶಾಸ್ತ್ರ ನೊಬೆಲ್ ಸಿಕ್ಕಿತು.

ಇಂಥ ಸ್ಪ್ರಿಂಗ್ ಇರುವ ವಾಚ್ ದಿನಕ್ಕೆ ಐದಾರು ನಿಮಿಷ ಹಿಂದೆ ಬಿದ್ದರೆ ಬಿಸಿಲನ್ನು ದೂರಬೇಡಿ. ಎಣ್ಣೆ ಒಣಗಿರಬಹುದು, ಧೂಳು ಕೂತಿರಬಹುದು. ಸರ್ವಿಸ್ ಮಾಡಿಸಿ.