ಅಹಿಫೇನದ ಸಂತತಿ

ಗಸಗಸೆಯ ಗಿಡದ ಹಸಿಗಾಯನ್ನು ಗೀರಿಬಿಟ್ಟರೆ ಹಾಲಿನಂತಹ ರಸವು ಸ್ರವಿಸಿ, ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುವುದು. ಇದೇ ಅಫೀಮು. ಗ್ರೀಕರು ಇದನ್ನು ರಸವೆಂಬರ್ಥದ ಓಪಿಯನ್ ಎಂಬ ಶಬ್ದದಿಂದ ಕರೆದರು. ಅರಬರ ಬಾಯಲ್ಲಿ ಅದು ಅಫ್ಯೂನ್ ಆಯಿತು. ಭರತಖಂಡದ ವೈದ್ಯರು ಅದನ್ನು ಸಂಸ್ಕರಿಸಿ ಅಹಿಫೇನವೆಂದರು. ಹಾವಿನ ನೊರೆಯೆಂಬ ಅರ್ಥವು ಧ್ವನಿಸಾಮ್ಯದಿಂದ ಒದಗಿದುದೇ ಹೊರತು ವಸ್ತುವಿನ ಗುಣವನ್ನು ನೋಡಿ ಇಟ್ಟುದಲ್ಲ. ಆದರೂ ಹೆಸರು ಅನ್ವರ್ಥವಾಯಿತು. ಚರಕ ಸುಶ್ರುತರ ಗ್ರಂಥಗಳಲ್ಲಿ ಕಾಣದ ಈ ದ್ರವ್ಯವು ಶಾರ್ಙ್ಗಧರನ ಕಾಲಕ್ಕೆ ವೈದ್ಯದಲ್ಲಿ ಸೇರಿತು. ರಸಶಾಸ್ತ್ರಜ್ಞರು ಇದನ್ನು ಉಪವಿಷಗಳ ಗಣದಲ್ಲಿ ಎಣಿಸಿದರು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಔಷಧವಾಗುವುದೆಂದೂ, ಔಷಧವೂ ಯುಕ್ತಿಗೆಟ್ಟು ಬಳಸಿದರೆ ವಿಷವಾಗುವುದೆಂದೂ ಚರಕನ ಸೂತ್ರಸ್ಥಾನವು ಹೇಳುತ್ತದೆ. ಕಳೆದ ಎರಡು ಶತಮಾನಗಳ ಇತಿಹಾಸವು ಈ ಮಾತಿಗೆ ಬರೆದ ದೀರ್ಘವ್ಯಾಖ್ಯಾನದಂತಿದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಪಾಡರ್‌ಬಾರ್ನ್ ಎಂಬ ಊರಿನ ಔಷಧದಂಗಡಿಯಲ್ಲಿ ಸಹಾಯಕನಾಗಿದ್ದ ಸೆರ್ಟ್ಯುರ್ನರ್ ಎಂಬ ತರುಣನು ಅಫೀಮಿನ ಸಾರವನ್ನು ಬೇರ್ಪಡಿಸಿದನು. 1817ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಾನೂ ಮೂವರು ಯುವಕರೂ ಅದನ್ನು ಸೇವಿಸಿ ಪರೀಕ್ಷಿಸಿದ ವೃತ್ತಾಂತವನ್ನು ತಿಳಿಸಿದನು. ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದಕ್ಕೆ ಮಾರ್ಫಿನ್ ಎಂಬ ಸಂಜ್ಞೆ ಬಂದಿತು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯನು ಸೂಜಿಯ ಮೂಲಕ ಇದನ್ನು ಚರ್ಮದ ಕೆಳಗೆ ಹೊಗಿಸುವ ಕ್ರಮವನ್ನು ಬಳಕೆಗೆ ತಂದನು. ಅಫೀಮಿನ ಹಸಿವು ಹೊಟ್ಟೆಯಲ್ಲಿ ಹುಟ್ಟುವುದಾದುದರಿಂದ, ಹೊಟ್ಟೆಯನ್ನು ಹೊಗದ ಔಷಧವು ವ್ಯಸನವನ್ನು ಹುಟ್ಟಿಸದೆಂದು ಅಂದಿನ ಹಲವರು ನಂಬಿದರು. ಈ ನಂಬಿಕೆ ಬಹುಕಾಲ ನಿಲ್ಲಲಿಲ್ಲ. 1870ರಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಎಂಬ ವೈದ್ಯನು, ಸೂಜಿಮದ್ದಿಗೆ ಒಗ್ಗಿದ ರೋಗಿಗಳು ಅದನ್ನು ಬಿಡಲಾರದೆ ಇರುವರೆಂದು ಎಚ್ಚರಿಸಿದನು.

ಆಗ ಮಾರ್ಫಿನ್ನಿನ ದೋಷವಿಲ್ಲದ ಮಾರ್ಫಿನ್ನನ್ನು ಹುಡುಕುವ ಉದ್ಯಮವು ಮೊದಲಾಯಿತು. 1874ರಲ್ಲಿ ಲಂಡನ್ನಿನ ಆಲ್ಡರ್ ರೈಟ್ ಎಂಬ ರಸಾಯನಶಾಸ್ತ್ರಜ್ಞನು ಮಾರ್ಫಿನ್ನಿನಿಂದ ಮಾಡಿದ್ದ ಒಂದು ಸಂಯುಕ್ತವನ್ನು 1897ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯವರು ಮತ್ತೆ ಸಿದ್ಧಪಡಿಸಿ, ಮರುವರ್ಷವೇ ಹೆರಾಯಿನ್ ಎಂಬ ವೀರಸೂಚಕವಾದ ಹೆಸರಿನಿಂದ ಕೆಮ್ಮಿನ ಔಷಧವಾಗಿ ಮಾರಾಟಕ್ಕೆ ತಂದರು. ಕ್ಷಯವೂ ಶ್ವಾಸಕೋಶದ ಉರಿಯೂತವೂ ಮನೆಮನೆಯನ್ನು ಕಾಡುತ್ತಿದ್ದ ಆ ಕಾಲದಲ್ಲಿ ಕೆಮ್ಮನ್ನು ನಿಲ್ಲಿಸುವ ಮದ್ದಿಗೆ ಆದರವು ದೊರೆತುದು ಸಹಜವೇ. ಮಾರ್ಫಿನ್ ವ್ಯಸನಿಗಳಿಗೆ ಇದನ್ನೇ ಚಿಕಿತ್ಸೆಯಾಗಿ ಸೂಚಿಸಿದವರೂ ಇದ್ದರು. ಕೆಲವೇ ವರ್ಷಗಳಲ್ಲಿ ನಿಜವು ಹೊರಬಿದ್ದಿತು. 1913ರಲ್ಲಿ ಆ ಕಂಪೆನಿಯವರು ಅದರ ತಯಾರಿಕೆಯನ್ನು ಕೈಬಿಟ್ಟರು. 1924ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಗಳು ಅದನ್ನು ತಯಾರಿಸುವುದನ್ನೇ ನಿಷೇಧಿಸಿದುವು.

ಇಷ್ಟಾದ ಮೇಲೂ ಅದೇ ನಾಟಕವು ಮತ್ತೊಮ್ಮೆ ನಡೆದುದು ಆಶ್ಚರ್ಯಕರವಾದ ಸಂಗತಿ. 1980ರಲ್ಲಿ ಅಮೇರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದು ಐದೇ ವಾಕ್ಯಗಳ ಒಂದು ಪತ್ರವನ್ನು ಪ್ರಕಟಿಸಿತು. ಆಸ್ಪತ್ರೆಗಳಲ್ಲಿ ಇಂತಹ ಔಷಧವನ್ನು ಪಡೆದ 11,882 ಮಂದಿಯಲ್ಲಿ, ಹಿಂದೆ ವ್ಯಸನವಿಲ್ಲದೆ ಹೊಸದಾಗಿ ವ್ಯಸನಕ್ಕೆ ಬಿದ್ದವರು ನಾಲ್ವರೆಂಬುದು ಅದರ ಸಾರ. ಪತ್ರದ ಮಾತು ಸುಳ್ಳಲ್ಲ. ಅದರಿಂದ ಎಳೆದ ತೀರ್ಮಾನವು ತಪ್ಪು. ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಮದ್ದನ್ನು ಪಡೆದವರಲ್ಲಿ ಕಂಡುದನ್ನು, ಮನೆಯಲ್ಲಿ ತಿಂಗಳುಗಟ್ಟಲೆ ಗುಳಿಗೆಯನ್ನು ನುಂಗುವವರಿಗೂ ಅನ್ವಯಿಸಿದರು. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವ್ಯಾಪ್ತಿಯು ಸಿದ್ಧವಾಗದೆಯೇ ಅನುಮಾನವು ಹೊರಟಿತು; ಹೇತುವೆಂದು ತೋರಿದುದು ಹೇತ್ವಾಭಾಸವಾಗಿದ್ದಿತು.

ಪರ್ಡ್ಯೂ ಎಂಬ ಕಂಪೆನಿಯು 1996ರಲ್ಲಿ ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಅದರ ಸಾರವಾದ ಆಕ್ಸಿಕೋಡೋನ್ ಜರ್ಮನಿಯಲ್ಲಿ 1916ರಷ್ಟು ಹಿಂದೆಯೇ ತಯಾರಾದ ಹಳೆಯ ವಸ್ತು. ಮದ್ದು ಹನ್ನೆರಡು ಗಂಟೆಗಳ ಕಾಲ ಮೆಲ್ಲಮೆಲ್ಲನೆ ಇಳಿಯುವುದರಿಂದ ದುರುಪಯೋಗದ ಸಂಭವವು ಕಡಮೆಯೆಂದು ನಂಬಲಾಗಿದೆಯೆಂಬ ಒಕ್ಕಣೆಯು ಅದರ ವಿವರಣಪತ್ರದಲ್ಲಿಯೇ ಇದ್ದಿತು. ಆದರೆ ಗುಳಿಗೆಯನ್ನು ಪುಡಿಮಾಡಿದರೆ ಮದ್ದೆಲ್ಲವೂ ಒಮ್ಮೆಗೇ ಇಳಿಯುವುದೆಂಬುದನ್ನು ಜನರು ಬೇಗನೆ ಕಂಡುಕೊಂಡರು. ಮದ್ದಿನ ಅಪಾಯವನ್ನು ಮರೆಮಾಡಿ ಮಾರಿದ ತಪ್ಪನ್ನು 2007ರಲ್ಲಿ ಒಪ್ಪಿಕೊಂಡ ಕಂಪೆನಿಯ ಕಡೆಯವರು 60 ಕೋಟಿ ಡಾಲರುಗಳಿಗೂ ಮಿಕ್ಕ ಹಣವನ್ನು ತೆರಬೇಕಾಯಿತು. 2020ರಲ್ಲಿ ಕಂಪೆನಿಯು ಮತ್ತೊಮ್ಮೆ ಅಪರಾಧವನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಗುಳಿಗೆಯಿಂದ ಹೆರಾಯಿನ್ನಿಗೂ, 2013ರಿಂದೀಚೆಗೆ ಕಳ್ಳತನದಿಂದ ತಯಾರಾಗುವ ಫೆಂಟನಿಲ್ ಎಂಬ ಇನ್ನೂ ಉಗ್ರವಾದ ವಸ್ತುವಿಗೂ ವ್ಯಸನವು ಹಬ್ಬಿದ್ದಿತು. 1999ರಿಂದ 2021ರವರೆಗೆ ಆ ಒಂದು ದೇಶದಲ್ಲಿಯೇ ಈ ವರ್ಗದ ದ್ರವ್ಯಗಳ ಅತಿಸೇವನೆಯಿಂದ ಸುಮಾರು 6 ಲಕ್ಷ 45 ಸಾವಿರ ಮಂದಿ ಮಡಿದರು.

ಈ ಮರಣದ ಬಗೆಯನ್ನು ತಿಳಿಯುವುದು ಅವಶ್ಯಕ. ನೋವನ್ನು ತಗ್ಗಿಸುವ ಈ ಮದ್ದು ಉಸಿರಾಟವನ್ನು ನಡೆಸುವ ಮಿದುಳಿನ ಭಾಗವನ್ನೂ ಮಂಕುಗೊಳಿಸುವುದು. ದಿನ ಕಳೆದಂತೆ ಅದೇ ಪ್ರಮಾಣಕ್ಕೆ ನೋವು ಅಡಗದೆ ಪ್ರಮಾಣವು ಏರುತ್ತ ಹೋಗುವುದು. ಏರಿದಂತೆ ಉಸಿರು ನಿಲ್ಲುವ ಎಲ್ಲೆಯು ಹತ್ತಿರವಾಗುವುದು. ಕೆಲವು ವಾರ ಬಿಟ್ಟಿದ್ದವನು ಹಳೆಯ ಪ್ರಮಾಣವನ್ನೇ ಮತ್ತೆ ಸೇವಿಸಿದರೆ ದೇಹವು ತಾಳಲಾರದು. ಮದ್ಯವೋ ನಿದ್ರೆಯ ಗುಳಿಗೆಯೋ ಜೊತೆಗೂಡಿದರೆ ಅಪಾಯವು ಇಮ್ಮಡಿಸುವುದು. ಗೊರಕೆ ಹೊಡೆದು ಮಲಗಿದ್ದಾನೆಂದು ಮನೆಯವರು ತಿಳಿದಿರುವಾಗಲೇ ಪ್ರಾಣವು ಹೋಗಿರುವುದುಂಟು. ನಲೋಕ್ಸೋನ್ ಎಂಬ ಪ್ರತ್ಯೌಷಧವು ಸಕಾಲದಲ್ಲಿ ದೊರೆತರೆ ಉಸಿರನ್ನು ಮರಳಿಸಬಲ್ಲುದು.

ಭರತಖಂಡದ ಅನುಭವವು ಇದಕ್ಕೆ ವಿಪರೀತವಾದುದು. ಸರ್ಕಾರದ ಅಪ್ಪಣೆಯಿಂದ ಅಫೀಮನ್ನು ಬೆಳೆದು ಪರದೇಶಗಳ ಔಷಧಶಾಲೆಗಳಿಗೆ ಕಳುಹಿಸುತ್ತಿದ್ದ ಈ ದೇಶದಲ್ಲಿ, 1985ರ ಮಾದಕದ್ರವ್ಯಗಳ ಕಾಯಿದೆಯ ಬಿಗಿಯಿಂದ ಮಾರ್ಫಿನ್ ಆಸ್ಪತ್ರೆಗಳಲ್ಲಿಯೇ ದುರ್ಲಭವಾಯಿತು. ಅರ್ಬುದರೋಗದಿಂದ ನರಳುವವರು ಅಸಂಖ್ಯರು ಉಪಶಮನವಿಲ್ಲದೆ ಕಣ್ಣುಮುಚ್ಚಿದರು. ಬಹುಕಾಲದ ಪ್ರಯತ್ನದಿಂದ 2014ರಲ್ಲಿ ಕಾಯಿದೆಯು ತಿದ್ದಲ್ಪಟ್ಟಿತು. ಒಂದೆಡೆ ಲೋಭವು ಕೊಂದಿತು, ಇನ್ನೊಂದೆಡೆ ಭೀತಿಯು ನರಳಿಸಿತು.

ಆದುದರಿಂದ ಮದ್ದನ್ನು ದೂಷಿಸುವುದೂ ಸಲ್ಲದು, ಪೂಜಿಸುವುದೂ ಸಲ್ಲದು. ಎಷ್ಟು ದಿನ, ಎಷ್ಟು ಪ್ರಮಾಣ, ಎಂದು ನಿಲ್ಲಿಸಬೇಕೆಂಬ ಮೂರು ಪ್ರಶ್ನೆಗಳನ್ನು ವೈದ್ಯನಲ್ಲಿ ಕೇಳಿ ತಿಳಿದು, ಒಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡದೆ, ಉಳಿದುದನ್ನು ಮನೆಯಲ್ಲಿ ಕೂಡಿಡದೆ ಇರುವ ಗೃಹಸ್ಥನು ಚರಕನು ಹೇಳಿದ ಯುಕ್ತಿಯನ್ನು ಬಲ್ಲವನು. ವ್ಯಸನವನ್ನು ಹುಟ್ಟಿಸದ ಅಹಿಫೇನವು ಇದೋ ದೊರೆಯಿತೆಂದು ಪ್ರತಿ ತಲೆಮಾರಿನಲ್ಲಿಯೂ ಯಾರಾದರೊಬ್ಬರು ಸಾರಿದ್ದಾರೆ. ಆ ಮಾತನ್ನು ಮುಂದೆ ಕೇಳುವವರು ಹಿಂದೆ ಕೇಳಿ ನಂಬಿದವರ ಗತಿಯನ್ನು ನೆನೆಯುವುದು ಒಳಿತು.